ಪೆಟ್ ಸ್ಕ್ಯಾನ್: ವಿಕಿರಣ ಇಳಿಯಲಿ, ಚಿತ್ರ ಮಸುಕಾಗದಿರಲಿ



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೋಗಿಬರುವವರ ಫೈಲಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಚೀಟಿ ಆಗಾಗ ಕಾಣಸಿಗುತ್ತದೆ. ಅದರ ಮೇಲೆ ‘ಪೆಟ್ ಸಿ.ಟಿ.’ ಎಂದು ಬರೆದಿರುತ್ತಾರೆ. ನಮ್ಮ ಹಳೇಕೋಟೆ ಹೋಬಳಿಯ ಮನೆಗಳಿಗೆ ಇಂಥ ಚೀಟಿ ಬಂದಾಗ ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೈಯೊಳಕ್ಕೆ ವಿಕಿರಣ ಇರುವ ಔಷಧಿ ಚುಚ್ಚುತ್ತಾರಂತೆ, ಅದರಿಂದಲೇ ಇನ್ನೊಂದು ಕಾಯಿಲೆ ಬಂದರೆ ಏನು ಗತಿ ಎಂಬುದು ಮೊದಲನೆಯದು. ಚುಚ್ಚಲೇಬೇಕು ಎಂದಾದರೆ ಒಂದಿಷ್ಟು ಕಡಿಮೆ ಚುಚ್ಚಬಾರದೇ ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೂತಿರುವವರೂ ಇದನ್ನೇ ಕೇಳಿಕೊಳ್ಳುತ್ತಿದ್ದಾರೆ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ಮೊದಲು ಪರೀಕ್ಷೆ ಎಂಥದ್ದು ಎಂದು ತಿಳಿಯೋಣ. ಎಕ್ಸ್‌ರೇಯಲ್ಲಿ ಕಿರಣ ಹೊರಗಿನಿಂದ ಬಂದು ಮೈಯನ್ನು ದಾಟಿ ಹೋಗುತ್ತದೆ. ಪೆಟ್‌ನಲ್ಲಿ ಕಿರಣ ಮೈಯೊಳಗಿಂದ ಹೊರಕ್ಕೆ ಬರುತ್ತದೆ. ಅದಕ್ಕೆಂದು ರಕ್ತನಾಳಕ್ಕೆ ಕೊಡುವ ವಸ್ತುವಿಗೆ ಟ್ರೇಸರ್ ಎನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಟ್ರೇಸರ್ ಎಫ್‌ಡಿಜಿ. ಅದು ಗ್ಲೂಕೋಸಿನಂಥದ್ದೇ ಒಂದು ಸಕ್ಕರೆ. ಅದರ ಒಂದು ಮೂಲೆಯಲ್ಲಿ ಫ್ಲೂರಿನ್–18 ಎಂಬ ವಿಕಿರಣಶೀಲ ಪರಮಾಣುವನ್ನು ಕೂರಿಸಿರುತ್ತಾರೆ. ಬೇಗ ಬೇಗ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಸಕ್ಕರೆಯ ಹಸಿವು ಹೆಚ್ಚು. ಅದು ಎಫ್‌ಡಿಜಿಯನ್ನೂ ಸಕ್ಕರೆಯೆಂದೇ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಪೂರ್ತಿ ಅರಗಿಸಿಕೊಳ್ಳಲು ಆಗದೆ, ಹೊರಗೆ ಬಿಡಲೂ ಆಗದೆ, ಎಫ್‌ಡಿಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಜಾಗದಿಂದ ಫ್ಲೂರಿನ್–18 ಒಂದು ಪಾಸಿಟ್ರಾನನ್ನು ಉಗುಳುತ್ತದೆ. ಅದು ಒಂದೆರಡು ಮಿಲಿಮೀಟರಿನೊಳಗೆ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಎರಡೂ ಇಲ್ಲವಾಗಿ, ಒಂದಕ್ಕೊಂದು ನೇರ ವಿರುದ್ಧ ದಿಕ್ಕಿಗೆ ಎರಡು ಗಾಮಾ ಕಿರಣಗಳು ಹೊರಡುತ್ತವೆ. ರೋಗಿ ಮಲಗಿರುವ ಹಾಸಿಗೆಯ ಸುತ್ತ ಬಳೆಯ ಹಾಗೆ ಜೋಡಿಸಿದ ಸ್ಫಟಿಕಗಳು ಆ ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿದರೆ, ಆ ಎರಡು ಸ್ಫಟಿಕಗಳ ನಡುವಿನ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಸಕ್ಕರೆ ಇದೆ ಎಂದಾಯಿತು. ಇಂಥ ಕೋಟ್ಯಂತರ ಗೆರೆಗಳಿಂದ ಗಣಕಯಂತ್ರ ಚಿತ್ರ ಕಟ್ಟುತ್ತದೆ.

ಎಫ್‌ಡಿಜಿಯನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ನಮ್ಮ ದೇಶಕ್ಕೆ ಪೆಟ್ ಬಂದದ್ದು 2002ರಲ್ಲಿ, ಮುಂಬಯಿಯ ರೇಡಿಯೇಷನ್ ಮೆಡಿಸಿನ್ ಸೆಂಟರಿಗೆ. ಆ ಮೇಲೆ ಬೆಂಗಳೂರಿಗೂ ಬಂತು. ಎಫ್‌ಡಿಜಿ ತಯಾರಿಸಲು ಬೇಕಾದ ಸೈಕ್ಲೋಟ್ರಾನ್ ಯಂತ್ರವೂ ಬೆಂಗಳೂರಿನಲ್ಲಿ ಇದೆ.

ಈಗ ಪ್ರಮಾಣದ ವಿಷಯ. ಈ ಕೆಲಸದಲ್ಲಿರುವವರು ಮಿಲಿಕ್ಯೂರಿ ಎಂಬ ಅಳತೆ ಬಳಸುತ್ತಾರೆ. ದೊಡ್ಡವರಿಗೆ 10 ಮಿಲಿಕ್ಯೂರಿ ಕೊಡುವುದು ಬಹಳ ವರ್ಷ ರೂಢಿಯಲ್ಲಿತ್ತು. ಕೆಲವು ಕಡೆ 15ರವರೆಗೂ ಕೊಡುತ್ತಿದ್ದರು. 10 ಮಿಲಿಕ್ಯೂರಿ ಎಫ್‌ಡಿಜಿಯಿಂದ ಮೈಗೆ ತಗಲುವ ವಿಕಿರಣ ಸುಮಾರು 7 ಮಿಲಿಸೀವರ್ಟ್. ಇದು ಎಷ್ಟು ಎಂದು ತಿಳಿಯಲು ಇನ್ನೊಂದು ಸಂಖ್ಯೆ ಹೇಳುತ್ತೇನೆ. ನೆಲ, ಗಾಳಿ, ಕಲ್ಲು, ಆಹಾರ, ಆಕಾಶ ಇವುಗಳಿಂದ ಯಾವ ಆಸ್ಪತ್ರೆಯ ಮುಖವನ್ನೂ ನೋಡದ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ ಎಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯ ಲೆಕ್ಕ. ಅಂದರೆ ಒಂದು ಚುಚ್ಚುಮದ್ದಿನಲ್ಲಿ ಮೂರು ವರ್ಷದ ಪಾಲು. ಕ್ಯಾನ್ಸರ್ ಇದೆಯೇ, ಎಲ್ಲಿಯವರೆಗೆ ಹರಡಿದೆ, ಕೀಮೋ ಹಿಡಿದಿದೆಯೇ ಎಂದು ತಿಳಿಯಬೇಕಾದ ರೋಗಿಗೆ ಇದು ಹೆದರಬೇಕಾದ ಪ್ರಮಾಣವೇನೂ ಆಗಲಾರದು. ವಿಕಿರಣದ ಭಯದಿಂದ ಪರೀಕ್ಷೆಯನ್ನೇ ಬಿಟ್ಟರೆ ಆಗುವ ನಷ್ಟ ಇದಕ್ಕಿಂತ ಎಷ್ಟೋ ದೊಡ್ಡದು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಹಾಗಾದರೆ ಕಡಿಮೆ ಮಾಡುವ ಗೊಡವೆ ಯಾಕೆ? ಯಾಕೆಂದರೆ ಪರೀಕ್ಷೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕಾಯಿಲೆಯನ್ನು ತೆಗೆದುಕೊಳ್ಳಿ. ಅದು ಹದಿಹರೆಯದ ಮಕ್ಕಳಿಗೂ ಬರುತ್ತದೆ. ಚಿಕಿತ್ಸೆಗೆ ಮೊದಲು ಒಂದು ಪೆಟ್, ಎರಡು ಸುತ್ತಿನ ಕೀಮೋ ಆದ ಮೇಲೆ ಒಂದು, ಕೊನೆಯಲ್ಲಿ ಇನ್ನೊಂದು. ಈ ಕಾಯಿಲೆ ಗುಣವಾಗುವಂಥದ್ದು. ಗುಣವಾದ ಹುಡುಗಿ ಮುಂದೆ ಐವತ್ತು ಅರವತ್ತು ವರ್ಷ ಬಾಳಬೇಕು. ಎಳೆಯ ಮೈಯಲ್ಲಿ ವಿಕಿರಣದ ಪರಿಣಾಮ ದೊಡ್ಡವರಿಗಿಂತ ಹೆಚ್ಚು, ಆ ಪರಿಣಾಮ ಕಾಣಿಸಿಕೊಳ್ಳಲು ಮುಂದೆ ಸಮಯವೂ ಹೆಚ್ಚು. ಅಂಥವಳಿಗೆ ಒಂದೊಂದು ಮಿಲಿಸೀವರ್ಟ್ ಉಳಿಸಿದರೂ ಅದು ಉಳಿಸಿದ್ದೇ. ದಿನವಿಡೀ ಒಬ್ಬರಾದ ಮೇಲೆ ಒಬ್ಬರಿಗೆ ಚುಚ್ಚುವ ತಂತ್ರಜ್ಞರನ್ನೂ ನೆನೆಯಬೇಕು. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿ ಹಾಕಿದೆ. ರೋಗಿಗೆ ಅಂಥ ಮಿತಿ ಇಲ್ಲ. ರೋಗಿಯ ವಿಷಯದಲ್ಲಿ ಇರುವ ನಿಯಮ ಎರಡೇ: ಪರೀಕ್ಷೆ ನಿಜವಾಗಿ ಬೇಕಾಗಿರಬೇಕು, ಬೇಕಾದಷ್ಟೇ ವಿಕಿರಣ ಬಳಸಬೇಕು. ಈ ‘ಬೇಕಾದಷ್ಟು’ ಎಂದರೆ ಎಷ್ಟು ಎನ್ನುವುದೇ ಕಷ್ಟದ ವಿಷಯ.

ಸುಮ್ಮನೆ ಅರ್ಧ ಚುಚ್ಚಿದರೆ ಏನಾಗುತ್ತದೆ ಎಂದು ನೋಡೋಣ. ಬೇಸಿಗೆಯಲ್ಲಿ ಒಣಗಿದ ಕಣದ ಮೇಲೆ ಮೊದಲ ಮಳೆಯ ಹನಿ ಬೀಳುವುದನ್ನು ನೀವು ನೋಡಿದ್ದೀರಿ. ನಾಲ್ಕು ಹನಿ ಇಲ್ಲಿ, ಎರಡು ಅಲ್ಲಿ. ಆಗ ಕಣದ ಯಾವ ಭಾಗಕ್ಕೆ ಮಳೆ ಜಾಸ್ತಿ ಎಂದು ಯಾರೂ ಹೇಳಲಾರರು. ಒಂದು ಹದ ಮಳೆ ಬಿದ್ದ ಮೇಲೆ ಮಾತ್ರ ಗೊತ್ತಾಗುತ್ತದೆ. ಪರಮಾಣುಗಳ ವಿಕಿರಣವೂ ಹಾಗೇ ಎಲ್ಲೆಂದರಲ್ಲಿ, ಯಾವಾಗೆಂದರೆ ಆವಾಗ ಆಗುವಂಥದ್ದು. ಯಂತ್ರ ಹಿಡಿಯುವ ಗಾಮಾ ಜೋಡಿಗಳ ಎಣಿಕೆ ಕಡಿಮೆಯಾದಷ್ಟೂ ಚಿತ್ರ ಕಾಳುಕಾಳಾಗುತ್ತದೆ. ಟ್ರೇಸರನ್ನು ಅರ್ಧಕ್ಕೆ ಇಳಿಸಿದರೆ ಈ ಕಾಳುತನ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕಾಲು ಭಾಗಕ್ಕೆ ಇಳಿಸಿದರೆ ಎರಡು ಪಟ್ಟು. ತೊಂದರೆ ಎರಡು ಕಡೆಯಿಂದ ಬರುತ್ತದೆ. ಚಿಕ್ಕದೊಂದು ಗಂಟು ಕಾಳುಗಳ ನಡುವೆ ಮುಚ್ಚಿಹೋಗಬಹುದು. ಇಲ್ಲವೇ ಏನೂ ಇಲ್ಲದ ಕಡೆ ಕಾಳು ಕೂಡಿಕೊಂಡು ಗಂಟಿನ ಹಾಗೆ ಹೊಳೆಯಬಹುದು. ಲಿಂಫೋಮಾ ಕಡಿಮೆಯಾಗಿದೆಯೇ ಎಂದು ನೋಡಲು ವೈದ್ಯರು ಗ್ರಂಥಿಯ ಹೊಳಪನ್ನು ಪಿತ್ತಜನಕಾಂಗದ ಹೊಳಪಿಗೆ ಹೋಲಿಸಿ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಗ್ರಂಥಿಯ ಹೊಳಪನ್ನು ಅತಿ ಹೆಚ್ಚು ಹೊಳೆಯುವ ಒಂದೇ ಚುಕ್ಕೆಯಿಂದ ಅಳೆದರೆ, ಕಾಳು ಹೆಚ್ಚಿದ ಚಿತ್ರದಲ್ಲಿ ಆ ಅಳತೆ ಇರುವುದಕ್ಕಿಂತ ಮೇಲಕ್ಕೆ ಏರುತ್ತದೆ. ಮೂರು ಅಂಕದ ಹುಡುಗಿಗೆ ನಾಲ್ಕು ಬಂದರೆ ಅವಳ ಚಿಕಿತ್ಸೆಯ ದಾರಿಯೇ ಬೇರೆಯಾಗಿಬಿಡಬಹುದು. ಹಾಗಾಗಿ ಕಡಿಮೆ ವಿಕಿರಣದಲ್ಲಿ ತೆಗೆದು ಏನೂ ತಿಳಿಯದ ಚಿತ್ರವೇ ಎಲ್ಲಕ್ಕಿಂತ ದುಬಾರಿಯ ಚಿತ್ರ. ಅಲ್ಲಿ ಕೊಟ್ಟ ವಿಕಿರಣವೆಲ್ಲ ದಂಡ.

ಹೆಚ್ಚು ಹೊತ್ತು ಮಲಗಿಸಿ ಎಣಿಕೆ ಮಾಡಬಹುದಲ್ಲ ಎಂದರೆ, ಮಾಡಬಹುದು. ಅರ್ಧ ಟ್ರೇಸರ್ ಕೊಟ್ಟು ಎರಡು ಪಟ್ಟು ಹೊತ್ತು ಎಣಿಸಿದರೆ ಹೆಚ್ಚುಕಡಿಮೆ ಅದೇ ಚಿತ್ರ ಬರುತ್ತದೆ. ಆದರೆ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರನ್ನು ಗಟ್ಟಿ ಹಾಸಿಗೆಯ ಮೇಲೆ, ಕೈ ಮೇಲೆತ್ತಿಸಿ, ನಲವತ್ತು ನಿಮಿಷ ಅಲ್ಲಾಡದೆ ಮಲಗಿ ಎನ್ನುವುದು ಆಗದ ಮಾತು. ಅಲ್ಲಾಡಿದರೆ ಚಿತ್ರ ಮತ್ತೆ ಕೆಡುತ್ತದೆ.

ಇಲ್ಲಿಂದ ಮುಂದಿನ ವಿಷಯ ನನಗೆ ಬಹಳ ಇಷ್ಟವಾದದ್ದು. ರೋಗಿಯ ಮೈಯಿಂದ ಹೊರಡುವ ಗಾಮಾ ಜೋಡಿಗಳಲ್ಲಿ ಸಾಮಾನ್ಯ ಪೆಟ್ ಯಂತ್ರ ಎಷ್ಟನ್ನು ಹಿಡಿಯುತ್ತದೆ ಎಂದುಕೊಂಡಿದ್ದೀರಿ? ಇಡೀ ಮೈಯ ಲೆಕ್ಕ ಹಿಡಿದರೆ ನೂರಕ್ಕೆ ಒಂದೂ ಇಲ್ಲ! ಸ್ಫಟಿಕದ ಬಳೆಯ ಅಗಲ ಒಂದು ಗೇಣಿಗಿಂತ ಅಷ್ಟೇನೂ ಹೆಚ್ಚಿಲ್ಲ, 15ರಿಂದ 25 ಸೆಂಟಿಮೀಟರ್. ಎದೆಯನ್ನು ಎಣಿಸುವಾಗ ತಲೆ, ಹೊಟ್ಟೆ, ತೊಡೆಗಳಿಂದ ಬರುವುದೆಲ್ಲ ಗಾಳಿಪಾಲು. ಬಳೆಯೊಳಗೆ ಇರುವ ಭಾಗದಿಂದಲೂ ಬಹುಪಾಲು ಕಿರಣ ಎರಡು ತುದಿಯಿಂದ ತಪ್ಪಿಸಿಕೊಂಡು ಹೋಗುತ್ತದೆ. ಅಂದರೆ ನಾವು ಚುಚ್ಚುವುದು ಜಾಸ್ತಿ ಎನ್ನುವುದಕ್ಕಿಂತ, ಚುಚ್ಚಿದ್ದನ್ನು ಪೋಲು ಮಾಡುತ್ತಿದ್ದೇವೆ ಎನ್ನುವುದೇ ಸರಿ. ಟ್ರೇಸರ್ ಪ್ರಮಾಣ ಇಳಿಸುವ ಕೆಲಸವೆಲ್ಲ ಕೊನೆಗೆ ಈ ಪೋಲನ್ನು ತಡೆಯುವ ಕೆಲಸವೇ.

ಇದನ್ನು ಎಲ್ಲರಿಗಿಂತ ನೇರವಾಗಿ ಮಾಡಿದವರು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸೈಮನ್ ಚೆರಿ ಮತ್ತು ರಾಮ್ಸೆ ಬಡಾವಿ. ಬಳೆಯನ್ನು ಕೊಳವೆ ಮಾಡಿದರು. ಅವರ ‘ಎಕ್ಸ್‌ಪ್ಲೋರರ್’ ಯಂತ್ರದ ಉದ್ದ 194 ಸೆಂಟಿಮೀಟರ್. ನಡುನೆತ್ತಿಯಿಂದ ಅಂಗಾಲಿನವರೆಗೆ ಇಡೀ ಮನುಷ್ಯ ಒಂದೇ ಸಲಕ್ಕೆ ಒಳಗೆ ಹಿಡಿಯುತ್ತಾನೆ. ಮನುಷ್ಯರ ಮೊದಲ ಚಿತ್ರಗಳು 2018ರಲ್ಲಿ ಬಂದವು. ಮೊದಲ ಪ್ರಯೋಗಗಳಲ್ಲಿ ಒಬ್ಬರಿಗೆ ಕೊಟ್ಟದ್ದು 25 ಮೆಗಾಬೆಕರೆಲ್, ಅಂದರೆ ಒಂದು ಮಿಲಿಕ್ಯೂರಿಗೂ ಕಡಿಮೆ. ಅದರಿಂದ ಮೈಗೆ ತಗಲಿದ್ದು ಅರ್ಧ ಮಿಲಿಸೀವರ್ಟಿನ ಆಸುಪಾಸು. ಚುಚ್ಚಿ ಹತ್ತು ಗಂಟೆ ಕಳೆದು, ಟ್ರೇಸರ್ ನಲವತ್ತರಲ್ಲಿ ಒಂದು ಪಾಲಿಗೂ ಇಳಿದ ಮೇಲೂ ತಂಡಕ್ಕೆ ಓದಬಹುದಾದ ಚಿತ್ರ ಸಿಕ್ಕಿತು. ಆದರೆ ಈ ಯಂತ್ರದ ಬೆಲೆ ನಮ್ಮ ಜಿಲ್ಲೆಗಳ ಆಸ್ಪತ್ರೆಗಳಿಗೆ ಎಟುಕುವಂಥದ್ದಲ್ಲ.

ನಮಗೆ ಎಟುಕುವ ದಾರಿಗಳೂ ಇವೆ. ಒಂದು ಸಮಯದ ಅಳತೆ. ಎರಡು ಗಾಮಾ ಕಿರಣಗಳಲ್ಲಿ ಯಾವುದು ಮೊದಲು ತಲುಪಿತು, ಎಷ್ಟು ಮೊದಲು ಎಂಬುದನ್ನು ಅಳೆಯಲು ಬಂದರೆ, ಗೆರೆಯ ಮೇಲೆ ಸಕ್ಕರೆ ಯಾವ ಕಡೆಗೆ ಇದೆ ಎಂದೂ ಹೇಳಬಹುದು. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಆ ಕಾಲದ ಐದನೇ ಒಂದು ಪಾಲನ್ನೂ ಗುರುತಿಸುವ ಯಂತ್ರಗಳು ಈಗ ಮಾರುಕಟ್ಟೆಯಲ್ಲಿವೆ. ಅವು ಸಕ್ಕರೆಯ ಜಾಗವನ್ನು ಸುಮಾರು 3 ಸೆಂಟಿಮೀಟರಿನೊಳಗೆ ಹಿಡಿಯುತ್ತವೆ. ಅಷ್ಟೇ ಎಣಿಕೆಯಿಂದ ಹೆಚ್ಚು ತಿಳಿದಂತಾಯಿತು. ಆದ್ದರಿಂದ ಎಣಿಕೆಯನ್ನು ಕಡಿಮೆ ಮಾಡಿದರೂ ನಡೆಯುತ್ತದೆ. ದಪ್ಪ ಮೈಯವರಲ್ಲಿ ಇದರ ಲಾಭ ಇನ್ನೂ ಹೆಚ್ಚು.

ಇನ್ನೊಂದು ದಾರಿ ಗಣಿತದ್ದು. ಇಲ್ಲಿ ಬೆಂಗಳೂರಿನ ಒಂದು ಹೆಸರನ್ನು ಹೆಮ್ಮೆಯಿಂದ ಹೇಳಬೇಕು. ಜಿ.ಎನ್. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ನರ ಶಿಷ್ಯರಾಗಿದ್ದವರು, ಮುಂದೆ ಅದೇ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರು. ಅವರೂ ಎ.ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬೇರೆ ಬೇರೆ ಕೋನಗಳಿಂದ ಪಡೆದ ನೆರಳುಗಳನ್ನು ಸೇರಿಸಿ ಒಳಗಿನ ರೂಪವನ್ನು ಕಟ್ಟುವ ಸುಲಭ ಲೆಕ್ಕ ಅದು. ಸಿ.ಟಿ., ಪೆಟ್ ಎರಡರಲ್ಲೂ ದಶಕಗಳ ಕಾಲ ಚಿತ್ರ ಮೂಡಿದ್ದು ಈ ಬಗೆಯ ಲೆಕ್ಕದಿಂದ. ಪ್ರಪಂಚದ ಪಠ್ಯಪುಸ್ತಕಗಳಲ್ಲಿ ‘ರಾಮ್–ಲಾಕ್ ಫಿಲ್ಟರ್’ ಎಂದು ಇಬ್ಬರ ಹೆಸರೂ ಉಳಿದಿದೆ. ನೆರಳುಗಳನ್ನು ಬರಿದೇ ಕೂಡಿಸಿದರೆ ಚಿತ್ರ ಮಬ್ಬಾಗುತ್ತದೆ; ಈ ಫಿಲ್ಟರ್ ಅಂಚುಗಳನ್ನು ಚೂಪು ಮಾಡುತ್ತದೆ. ಆದರೆ ಚೂಪು ಮಾಡುವ ಅದೇ ಗುಣದಿಂದ ಕಾಳುಗಳನ್ನೂ ಎತ್ತಿ ತೋರಿಸುತ್ತದೆ. ಎಣಿಕೆ ಧಾರಾಳವಾಗಿರುವ ಸಿ.ಟಿ.ಗೆ ಅದು ಅಷ್ಟು ಬಾಧಕವಾಗಲಿಲ್ಲ, ಎಣಿಕೆ ಬಡವಾಗಿರುವ ಪೆಟ್‌ಗೆ ಆಯಿತು. ಅದಕ್ಕೆ ಉತ್ತರವಾಗಿ 1982ರಲ್ಲಿ ಅಮೆರಿಕದ ಶೆಪ್ ಮತ್ತು ವಾರ್ಡಿ ಬೇರೆ ಹಾದಿ ಹಿಡಿದರು. ಇಂಥ ಎಣಿಕೆ ಬರಬೇಕಾದರೆ ಒಳಗೆ ಹೇಗಿದ್ದಿರಬೇಕು ಎಂದು ಊಹಿಸಿ, ಊಹೆಯನ್ನು ಎಣಿಕೆಯೊಂದಿಗೆ ತಾಳೆ ನೋಡಿ, ತಿದ್ದಿ, ಮತ್ತೆ ತಾಳೆ ನೋಡುವ ಹಾದಿ. 1994ರಲ್ಲಿ ಹಡ್ಸನ್ ಮತ್ತು ಲಾರ್ಕಿನ್ ಅದನ್ನು ಆಸ್ಪತ್ರೆಯ ಹೊತ್ತಿಗೆ ಹೊಂದುವಷ್ಟು ಚುರುಕುಗೊಳಿಸಿದರು. ಇವತ್ತಿನ ಯಂತ್ರಗಳೆಲ್ಲ ಈ ಮನೆತನದವೇ. ಯಾರ ಮೈಗೂ ಒಂದು ಹನಿ ಟ್ರೇಸರ್ ಹೆಚ್ಚು ಹಾಕದೆ, ಬರಿ ಲೆಕ್ಕದಿಂದ, ಚಿತ್ರ ತಿಳಿಯಾಯಿತು.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಪೂರ್ಣ ಪ್ರಮಾಣ ಕೊಟ್ಟು ತೆಗೆದ ಚಿತ್ರದ ಎಣಿಕೆಗಳಲ್ಲಿ ಹತ್ತಕ್ಕೆ ಒಂದನ್ನೋ ಇಪ್ಪತ್ತಕ್ಕೆ ಒಂದನ್ನೋ ಉಳಿಸಿ ಮಿಕ್ಕದ್ದನ್ನು ಬದಿಗಿಟ್ಟರೆ ಕಡಿಮೆ ಪ್ರಮಾಣದ ಚಿತ್ರ ಸಿಕ್ಕಿತು. ಅದಕ್ಕಾಗಿ ರೋಗಿಗೆ ಎರಡು ಸಲ ಚುಚ್ಚಬೇಕಾಗಿಲ್ಲ. ಇಂಥ ಸಾವಿರಾರು ಜೋಡಿ ಚಿತ್ರಗಳನ್ನು ತೋರಿಸಿ, ಕಾಳು ತುಂಬಿದ್ದರಿಂದ ತಿಳಿಯಾದದ್ದನ್ನು ಊಹಿಸಲು ಗಣಕಯಂತ್ರವನ್ನು ಪಳಗಿಸುತ್ತಾರೆ. ಸ್ಟ್ಯಾನ್‌ಫರ್ಡಿನವರು ಮರೆವಿನ ಕಾಯಿಲೆಯ ಪೆಟ್‌ನಲ್ಲಿ ನೂರನೇ ಒಂದು ಪಾಲು ಎಣಿಕೆಯಿಂದ, ಜೊತೆಗೆ ಎಂಆರ್‌ಐ ಚಿತ್ರದ ನೆರವಿನಿಂದ, ಇದನ್ನು ಮಾಡಿ 2019ರಲ್ಲಿ ಪ್ರಕಟಿಸಿದರು. ನಮ್ಮ ಮುಂಬಯಿ ಐಐಟಿಯವರು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ಮಾಡಿದ ಕೆಲಸ ನನಗೆ ಹೆಚ್ಚು ಹಿಡಿಸಿತು. ಅವರ ಯಂತ್ರ ಚಿತ್ರವನ್ನು ಕೊಡುವುದರ ಜೊತೆಗೆ, ಚಿತ್ರದ ಯಾವ ಭಾಗದಲ್ಲಿ ತನ್ನ ಊಹೆ ಗಟ್ಟಿಯಿಲ್ಲ ಎಂಬುದನ್ನೂ ತೋರಿಸುತ್ತದೆ. ಹಾಗೆ ತೋರಿಸುವುದು ಬಹಳ ಮುಖ್ಯ. ಪಳಗಿದ ಯಂತ್ರಕ್ಕೆ ಒಂದು ಕೆಟ್ಟ ಗುಣವಿದೆ: ತಾನು ಹಿಂದೆ ನೋಡಿದ್ದರ ಹಾಗೆ ಎದುರಿಗಿರುವುದನ್ನೂ ನಯ ಮಾಡಿಬಿಡುತ್ತದೆ. ಚಿತ್ರ ಕಣ್ಣಿಗೆ ಚೆಂದವಾಗಿರುತ್ತದೆ. ಐದಾರು ಮಿಲಿಮೀಟರಿನ ಗಂಟು ಮಾತ್ರ ಮಾಯವಾಗಿರಬಹುದು.

ನಮ್ಮ ನಾಡಿಗೆ ಇನ್ನೊಂದು ಎಚ್ಚರ ಬೇಕು. ಇಲ್ಲಿ ಕ್ಷಯ ಇನ್ನೂ ಇದೆ. ಕ್ಷಯ ತಗುಲಿದ ಗ್ರಂಥಿಯೂ ಎಫ್‌ಡಿಜಿಯನ್ನು ಹೀರಿ ಕ್ಯಾನ್ಸರಿನ ಹಾಗೆಯೇ ಹೊಳೆಯುತ್ತದೆ. ಕ್ಷಯವೇ ಅಪರೂಪವಾಗಿರುವ ದೇಶಗಳ ಚಿತ್ರಗಳಿಂದ ಪಳಗಿದ ಯಂತ್ರವನ್ನು ತಂದು ಹಾಗೆಯೇ ನಮ್ಮವರ ಮೇಲೆ ಬಳಸಬಾರದು. ನಮ್ಮವರ ಚಿತ್ರಗಳ ಮೇಲೆ ಪರೀಕ್ಷಿಸಿ ಆಮೇಲೆ ಒಪ್ಪಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪರೀಕ್ಷೆಯಲ್ಲಿ ‘ಚಿತ್ರ ಎಷ್ಟು ನುಣುಪಾಗಿದೆ’ ಎಂಬ ಪ್ರಶ್ನೆಗೆ ಬೆಲೆ ಕೊಡಬೇಕಾಗಿಲ್ಲ. ಪೂರ್ಣ ಪ್ರಮಾಣದ ಚಿತ್ರದಲ್ಲಿ ವೈದ್ಯರು ಕಂಡ ಪ್ರತಿ ಗಂಟೂ ಕಡಿಮೆ ಪ್ರಮಾಣದ ಚಿತ್ರದಲ್ಲೂ ಕಂಡಿತೇ, ಇಲ್ಲದ್ದು ಏನಾದರೂ ಹುಟ್ಟಿಕೊಂಡಿತೇ ಎಂದು ಮಾತ್ರ ನೋಡಬೇಕು.

ಇಷ್ಟು ಹೊತ್ತು ಸುರಕ್ಷತೆಯ ಕಡೆಯಿಂದ ಮಾತಾಡಿದೆ. ಹಾಸನ ಜಿಲ್ಲೆಯವರಿಗೆ ಇನ್ನೊಂದು, ನನ್ನ ಪ್ರಕಾರ ಅದಕ್ಕಿಂತ ದೊಡ್ಡ, ಕಾರಣವಿದೆ. ಫ್ಲೂರಿನ್–18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಸೀಸದ ಡಬ್ಬಿಯಲ್ಲಿಟ್ಟು ಬೀಗ ಹಾಕಿದರೂ ಕರಗುವುದು ನಿಲ್ಲುವುದಿಲ್ಲ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್. ಸೈಕ್ಲೋಟ್ರಾನ್ ಬಾಗಿಲಿನಿಂದ ಇಲ್ಲಿನ ಆಸ್ಪತ್ರೆಯ ಬಾಗಿಲಿಗೆ ಮೂರು ಗಂಟೆ ನಲವತ್ತು ನಿಮಿಷ ಹಿಡಿಯಿತೆಂದು ಇಟ್ಟುಕೊಳ್ಳಿ. ಅದು ಎರಡು ಅರ್ಧಾಯುಷ್ಯ. ಅಲ್ಲಿ ಹೊರಟ 100 ಮಿಲಿಕ್ಯೂರಿ ಇಲ್ಲಿಗೆ 25 ಆಗಿ ಬರುತ್ತದೆ. ಅರ್ಧ ಗಂಟೆಗೆ ಒಬ್ಬರಂತೆ, ತಲೆಗೆ 10 ಮಿಲಿಕ್ಯೂರಿ ಚುಚ್ಚುತ್ತಾ ಹೋದರೆ ಇಬ್ಬರಿಗೆ ಮುಗಿಯಿತು. ಒಳ್ಳೆಯ ಯಂತ್ರ, ಒಳ್ಳೆಯ ಲೆಕ್ಕ ಇದ್ದು ತಲೆಗೆ 4 ಮಿಲಿಕ್ಯೂರಿ ಸಾಕು ಎಂದಾದರೆ ಅದೇ ಸೀಸೆಯಿಂದ ನಾಲ್ವರಿಗೆ ಆಗುತ್ತದೆ. ಖರ್ಚು ಹಂಚಿಹೋಗುತ್ತದೆ. ಮೈಗೆ ತಗಲುವ ವಿಕಿರಣ 7 ಮಿಲಿಸೀವರ್ಟಿನಿಂದ 3ಕ್ಕೂ ಕೆಳಗೆ ಇಳಿಯುತ್ತದೆ. ಸೈಕ್ಲೋಟ್ರಾನ್ ಇಲ್ಲದ ಊರಿನಲ್ಲಿ ಪೆಟ್ ನಡೆಸುವುದು ಸಾಧ್ಯವೋ ಇಲ್ಲವೋ ಎಂಬುದನ್ನು ಕೊನೆಗೆ ನಿರ್ಧರಿಸುವುದು ಈ ಲೆಕ್ಕವೇ. ಅರಕಲಗೂಡಿನ ಮುದುಕಿಯೊಬ್ಬರು ನಸುಕಿನ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾದು, ರಾತ್ರಿ ಮನೆಗೆ ಮುಟ್ಟುವ ಕಷ್ಟ ತಪ್ಪಬೇಕಾದರೆ, ಟ್ರೇಸರಿನ ಪ್ರಮಾಣ ಇಳಿಯಬೇಕು. ಜಿಲ್ಲಾ ಕೇಂದ್ರಗಳಿಗೆ ಪೆಟ್ ತರುವ ಯೋಚನೆ ಮಾಡುವವರು ಯಂತ್ರ ಕೊಳ್ಳುವಾಗ ಬರಿ ಬೆಲೆ ನೋಡದೆ, ಕಡಿಮೆ ಟ್ರೇಸರಿನಲ್ಲಿ ಅದು ಎಂಥ ಚಿತ್ರ ಕೊಡುತ್ತದೆ ಎಂದು ಮೊದಲು ಕೇಳಬೇಕು. ಅಗ್ಗದ ಯಂತ್ರ ದಿನದಿನವೂ ದುಬಾರಿ ಸೀಸೆಯನ್ನು ಕುಡಿಯುತ್ತದೆ.

ಪೋಲನ್ನು ತಡೆಯುವ ಕೆಲಸದಲ್ಲಿ ರೋಗಿಯದೂ ಮನೆಯವರದೂ ದೊಡ್ಡ ಪಾಲಿದೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಪರೀಕ್ಷೆಗೆ ಮುಂಚೆ ನಾಲ್ಕರಿಂದ ಆರು ಗಂಟೆ ಏನೂ ತಿನ್ನಬಾರದು ಎಂದು ಹೇಳುತ್ತಾರೆ, ನೀರು ಕುಡಿಯಬಹುದು. ದಾರಿಯಲ್ಲಿ ಬಸ್ಸು ನಿಂತಾಗ ಒಂದು ಲೋಟ ಕಾಫಿಯಲ್ಲವೇ, ಏನಾಗುತ್ತದೆ ಎಂದು ಸಕ್ಕರೆ ಹಾಕಿದ ಕಾಫಿ ಕುಡಿದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಮಾಂಸಖಂಡಗಳಿಗೆ ತಳ್ಳುತ್ತದೆ, ಅದರ ಜೊತೆ ಎಫ್‌ಡಿಜಿಯೂ ಹೋಗುತ್ತದೆ. ಗಂಟಿಗೆ ಸೇರಬೇಕಾದದ್ದು ತೊಡೆ ಭುಜಗಳಲ್ಲಿ ಹೊಳೆಯುತ್ತದೆ. ಚುಚ್ಚಿದ್ದು ಪೂರ್ತಿ, ಕಂಡದ್ದು ಅರ್ಧ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕು ಎಂದು ಮುಂಚೆಯೇ ಕೇಳಿಕೊಳ್ಳಿ. ತಮ್ಮಷ್ಟಕ್ಕೆ ತಾವೇ ನಿಲ್ಲಿಸಬೇಡಿ. ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಹಿಂದಿನ ದಿನ ಆಲೂಗೆಡ್ಡೆ ಮೂಟೆ ಹೊರುವುದು, ಗುದ್ದಲಿ ಹಿಡಿಯುವುದು ಬೇಡ. ದಣಿದ ಸ್ನಾಯು ಸಕ್ಕರೆ ಹೀರುತ್ತದೆ. ಧನುರ್ಮಾಸದ ಚಳಿಯಲ್ಲಿ ಹೋಗುವುದಾದರೆ ಶಾಲು, ಸ್ವೆಟರ್ ಇರಲಿ. ಚಳಿಗೆ ಮೈ ಕಾಯಿಸುವ ಒಂದು ಬಗೆಯ ಕೊಬ್ಬು ಕುತ್ತಿಗೆ, ಭುಜದ ಬಳಿ ಇರುತ್ತದೆ. ಅದು ಕೆಲಸಕ್ಕೆ ಇಳಿದರೆ ಅಲ್ಲೆಲ್ಲ ಎಫ್‌ಡಿಜಿ ತುಂಬಿ, ಕುತ್ತಿಗೆಯ ಗ್ರಂಥಿ ಯಾವುದು ಎಂದು ತಿಳಿಯುವುದೇ ಕಷ್ಟವಾಗುತ್ತದೆ.

ಚುಚ್ಚಿದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಒರಗಿರಬೇಕು. ಆ ಹೊತ್ತಿನಲ್ಲಿ ಎಲೆಅಡಿಕೆ ಜಗಿಯಬೇಡಿ, ಫೋನಿನಲ್ಲಿ ಮಾತಾಡಬೇಡಿ. ಜಗಿದರೆ ದವಡೆಯ ಸ್ನಾಯು, ಮಾತಾಡಿದರೆ ಗಂಟಲಿನ ಸ್ನಾಯು ಹೊಳೆಯುತ್ತದೆ. ಚುಚ್ಚುವಾಗ ಕೈಯಲ್ಲಿ ಉರಿ, ಊತ ಕಂಡರೆ ಆಗಲೇ ಹೇಳಿ. ರಕ್ತನಾಳದ ಹೊರಗೆ ಸೋರಿದ ಟ್ರೇಸರ್ ತೋಳಿನಲ್ಲೇ ಉಳಿದುಬಿಡುತ್ತದೆ. ನೀರು ಕುಡಿಯಿರಿ, ಸ್ಕ್ಯಾನಿಗೆ ಮುಂಚೆಯೂ ಆಮೇಲೂ ಮೂತ್ರಕ್ಕೆ ಹೋಗಿ. ಎಫ್‌ಡಿಜಿಯಿಂದ ಅತಿ ಹೆಚ್ಚು ವಿಕಿರಣ ತಗಲುವುದು ಮೂತ್ರಕೋಶದ ಗೋಡೆಗೆ. ಅದನ್ನು ಆಗಾಗ ಖಾಲಿ ಮಾಡುವುದು ಒಂದು ಪೈಸೆ ಖರ್ಚಿಲ್ಲದ ಡೋಸ್ ಕಡಿತ. ಅವತ್ತಿನ ಮಟ್ಟಿಗೆ ಹಸುಗೂಸನ್ನು ಎತ್ತಿ ಆಡಿಸುವುದು ಬೇಡ, ಬಸುರಿಯರ ಪಕ್ಕ ಬಹಳ ಹೊತ್ತು ಕೂರುವುದೂ ಬೇಡ. ಎಷ್ಟು ಹೊತ್ತು ಎಂದು ಅಲ್ಲಿಯೇ ಹೇಳುತ್ತಾರೆ. ಮಾರನೆಯ ದಿನಕ್ಕೆ ಮೈಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಉಳಿದಿರುವುದಿಲ್ಲ. ಬಸುರಿ ಇರಬಹುದು ಎಂಬ ಅನುಮಾನ ರೋಗಿಗೇ ಇದ್ದರೆ, ಮೊಲೆಹಾಲು ಉಣಿಸುವ ತಾಯಿಯಾಗಿದ್ದರೆ, ಚುಚ್ಚುವ ಮುಂಚೆಯೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ವಿಷಯ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಪೆಟ್ ಸಿ.ಟಿ. ಎಂದರೆ ಎರಡು ಪರೀಕ್ಷೆ. ಜೊತೆಗೆ ಮಾಡುವ ಸಿ.ಟಿ.ಯ ವಿಕಿರಣ ಬೇರೆಯೇ ಇದೆ. ಜಾಗ ಗುರುತಿಸಲು ಮಾತ್ರ ಮಾಡುವ ಹಗುರ ಸಿ.ಟಿ. ಆದರೆ ಕೆಲವೇ ಮಿಲಿಸೀವರ್ಟ್. ಬಣ್ಣದ ಔಷಧಿ ಕೊಟ್ಟು ಇಡೀ ಮೈಗೆ ಮಾಡುವ ಪೂರ್ಣ ಸಿ.ಟಿ. ಆದರೆ 10 ಮಿಲಿಸೀವರ್ಟನ್ನೂ ದಾಟಬಹುದು. ಟ್ರೇಸರಿನಲ್ಲಿ ಮೂರು ಉಳಿಸಿ ಸಿ.ಟಿ.ಯಲ್ಲಿ ಹತ್ತು ಸೇರಿಸಿದರೆ ಏನು ಉಳಿಸಿದಂತಾಯಿತು? ಹೋದ ವಾರವೇ ಪೂರ್ಣ ಸಿ.ಟಿ. ಆಗಿದ್ದರೆ, ‘ಡಾಕ್ಟ್ರೇ, ಈಗ ಹಗುರದ್ದು ಸಾಲದೇ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಬೇಕೇ ಬೇಕು ಎಂದು ಅವರು ಹೇಳಿದರೆ ಅದಕ್ಕೂ ಕಾರಣವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇರುವಂಥ ಪೆಟ್–ಎಂಆರ್‌ಐ ಯಂತ್ರದಲ್ಲಿ ಸಿ.ಟಿ.ಯ ವಿಕಿರಣವೇ ಇರುವುದಿಲ್ಲ; ಮೂರ್ಛೆ ರೋಗದ ಮಕ್ಕಳ ಮಿದುಳನ್ನು ನೋಡುವಲ್ಲಿ ಇದು ದೊಡ್ಡ ಅನುಕೂಲ.

ಮನೆಗೆ ಬಂದ ಮೇಲೆ ವರದಿಯ ಮೊದಲ ಸಾಲುಗಳನ್ನು ಓದಿ ನೋಡಿ. ಎಷ್ಟು ಮಿಲಿಕ್ಯೂರಿ ಕೊಟ್ಟರು, ತೂಕ ಎಷ್ಟಿತ್ತು, ರಕ್ತದ ಸಕ್ಕರೆ ಎಷ್ಟಿತ್ತು, ಚುಚ್ಚಿ ಎಷ್ಟು ಹೊತ್ತಿಗೆ ಸ್ಕ್ಯಾನ್ ಆಯಿತು ಎಂದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತಾರೆ. ಮುಂದಿನ ಪರೀಕ್ಷೆಯನ್ನು ಆದಷ್ಟೂ ಅದೇ ಯಂತ್ರದಲ್ಲಿ, ಅದೇ ಅಂತರದಲ್ಲಿ ಮಾಡಿದರೆ ಹೋಲಿಕೆ ಸರಿಯಾಗಿ ಬರುತ್ತದೆ. ಹಳೆಯ ಚಿತ್ರ ಸಿಕ್ಕದೆ ಮತ್ತೊಮ್ಮೆ ಪರೀಕ್ಷೆ ಮಾಡಬೇಕಾಗಿ ಬಂದರೆ, ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಇಳಿಸಿದ ಡೋಸ್ ಒಂದೇ ದಿನದಲ್ಲಿ ಎರಡು ಪಟ್ಟಾಗುತ್ತದೆ. ಆದ್ದರಿಂದ ವರದಿಯ ಹಾಳೆಯನ್ನೂ ಚಿತ್ರಗಳಿರುವ ಸಿ.ಡಿ.ಯನ್ನೂ ಒಂದೇ ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು ಇಡಿ. ಆಸ್ಪತ್ರೆಗೆ ಹೋಗುವಾಗೆಲ್ಲ ಜೊತೆಗೆ ತೆಗೆದುಕೊಂಡು ಹೋಗಿ.